ಬೇಲಿಯ ಬ್ಲ್ಯಾಕ್‌ಬೆರಿ ಹಿಪ್ಪುನೇರಳೆಗೆ ನೆಂಟನೇ?

ಪ್ರಶ್ನೆ: ನಾವಿರುವುದು ಇಂಗ್ಲೆಂಡಿನಲ್ಲಿ. ಕಾಲುದಾರಿಯ ಬೇಲಿಗಳ ತುಂಬ ಕಾಡು ಬ್ಲ್ಯಾಕ್‌ಬೆರಿ. ಹಣ್ಣು ಥೇಟ್ ನಮ್ಮ ಹಿಪ್ಪುನೇರಳೆ ಹಾಗೇ ಇದೆ. ಎರಡೂ ಒಂದೇನಾ? ಇದರ ಎಲೆ ಭೇದಿಗೆ ಮದ್ದು ಅಂತ ಪಕ್ಕದ ಮನೆಯ ಅಜ್ಜಿ ಹೇಳುತ್ತಾರೆ, ನಿಜವೇ?

ಉತ್ತರ: ಒಂದೇ ಅಲ್ಲ, ಹತ್ತಿರದ ನೆಂಟರೂ ಅಲ್ಲ. ಬ್ಲ್ಯಾಕ್‌ಬೆರಿ ಗುಲಾಬಿ ಕುಟುಂಬದ್ದು. ಮುಳ್ಳು ಮತ್ತು ಐದೆಸಳಿನ ಹೂವು ನೋಡಿದರೆ ಗೊತ್ತಾಗುತ್ತದೆ. ಹಿಪ್ಪುನೇರಳೆ ಆಲ, ಹಲಸಿನ ಕುಟುಂಬಕ್ಕೆ ಸೇರಿದ್ದು. ಬ್ಲ್ಯಾಕ್‌ಬೆರಿಯ ಕಾಳುಗಳೆಲ್ಲ ಒಂದೇ ಹೂವಿನಿಂದ ಆದವು, ಹಿಪ್ಪುನೇರಳೆಯಲ್ಲಿ ಒಂದೊಂದು ಕಾಳೂ ಒಂದೊಂದು ಪುಟ್ಟ ಹೂವಿನದು. ಬ್ಲ್ಯಾಕ್‌ಬೆರಿಯ ನಿಜವಾದ ನೆಂಟರು ಬೇಕೆಂದರೆ ನಮ್ಮ ಕೊಡಗು, ಚಿಕ್ಕಮಗಳೂರಿನ ಬೆಟ್ಟಗಳಲ್ಲಿದ್ದಾರೆ, ಅಲ್ಲೂ ಇದೇ ರೂಬಸ್ ಕುಲದ ಕಾಡು ಗಿಡಗಳು ಬೆಳೆಯುತ್ತವೆ.

ಈ ಗಿಡದ ಬದುಕೇ ವಿಶೇಷ. ಬೇರು ವರ್ಷಗಟ್ಟಲೆ ಉಳಿಯುತ್ತದೆ, ಆದರೆ ಒಂದೊಂದು ಕೋಲಿನ ಆಯಸ್ಸು ಎರಡೇ ವರ್ಷ: ಮೊದಲ ವರ್ಷ ಬರೀ ಎಲೆ, ಎರಡನೇ ವರ್ಷ ಹೂವು, ಹಣ್ಣು, ಆಮೇಲೆ ಒಣಗುತ್ತದೆ. ಹಾಗಾಗಿ ಹೊಸ ಹಸಿರು ಕೋಲುಗಳನ್ನೆಲ್ಲ ಕತ್ತರಿಸಿಬಿಟ್ಟರೆ ಮುಂದಿನ ವರ್ಷ ಹಣ್ಣಿಲ್ಲ. ಬಾಗಿದ ಕೋಲಿನ ತುದಿ ಮಣ್ಣಿಗೆ ತಾಗಿದರೆ ಸಾಕು, ಅಲ್ಲೇ ಬೇರು ಬಿಟ್ಟು ಇನ್ನೊಂದು ಗಿಡವಾಗುತ್ತದೆ. ಇನ್ನೂ ಅಚ್ಚರಿಯ ವಿಷಯ, ಎಷ್ಟೋ ಗಿಡಗಳು ಗಂಡು, ಹೆಣ್ಣು ಕಣಗಳು ಕೂಡದೆಯೇ ಬೀಜ ಮಾಡುತ್ತವೆ, ಮರಿ ತಾಯಿಯ ತದ್ರೂಪವೇ ಆಗಿರುತ್ತದೆ. ಒಂದು ಕಡೆ ಆದ ಸಣ್ಣ ವ್ಯತ್ಯಾಸ ಹಾಗೇ ಉಳಿದುಕೊಂಡು ಬಂದು, ಬ್ರಿಟನ್ ಒಂದರಲ್ಲೇ 300ಕ್ಕೂ ಜಾಸ್ತಿ ಸೂಕ್ಷ್ಮ ಪ್ರಭೇದಗಳನ್ನು ಸಸ್ಯಶಾಸ್ತ್ರಜ್ಞರು ಗುರುತಿಸಿದ್ದಾರೆ. ಒಂದು ಬೇಲಿಯ ಹಣ್ಣು ಸಿಹಿ, ಪಕ್ಕದ್ದು ಹುಳಿ ಅನಿಸಿದರೆ ಅದಕ್ಕೆ ಇದೂ ಒಂದು ಕಾರಣ.

ಅಜ್ಜಿಯ ಮಾತು ಸುಮ್ನೆ ಹುಟ್ಟಿದ್ದಲ್ಲ. ಎಲೆಯಲ್ಲೂ ಬೇರಿನ ತೊಗಟೆಯಲ್ಲೂ ಟ್ಯಾನಿನ್ ಇದೆ, ಎಲೆ ಅಗಿದರೆ ಬಾಯೆಲ್ಲ ಒಗರಾಗುವುದು ಅದರಿಂದಲೇ. ನಮ್ಮಲ್ಲಿ ಭೇದಿಗೆ ದಾಳಿಂಬೆ ಸಿಪ್ಪೆಯ ಕಷಾಯ ಕೊಡುತ್ತಾರಲ್ವಾ, ಅಲ್ಲೂ ಕೆಲಸ ಮಾಡುವುದು ಇದೇ ಒಗರು. ಒಂದನೇ ಶತಮಾನದ ಗ್ರೀಕ್ ವೈದ್ಯ ಡಯೋಸ್ಕೊರಿಡೀಸ್ ಕೂಡ ಬ್ಲ್ಯಾಕ್‌ಬೆರಿಯನ್ನು ಭೇದಿಗೆ, ಒಸಡಿಗೆ ಹೇಳಿದ್ದಾನೆ. ಗಂಟಲು ಕೆರೆತಕ್ಕೆ ಒಣಗಿದ ಎಲೆಯ ಕಷಾಯದಲ್ಲಿ ಬಾಯಿ ಮುಕ್ಕಳಿಸಬಹುದು. ಆದರೆ ಭೇದಿಯಲ್ಲಿ ಮೊದಲು ಬೇಕಾದದ್ದು ನೀರು, ಉಪ್ಪು, ಸಕ್ಕರೆ. ಮಕ್ಕಳಿಗಾಗಿದ್ದರೆ, ರಕ್ತ ಅಥವಾ ಜ್ವರ ಕಂಡರೆ ಎಲೆ ನಂಬಿ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಹಣ್ಣು ಕೀಳುವಾಗ ರಸ್ತೆಯ ಹೊಗೆ ತಾಗುವ, ಕಳೆನಾಶಕ ಹೊಡೆದ ಜಾಗ ಬಿಡಿ. ಸೆಪ್ಟೆಂಬರ್ 29ರ ಮೈಕಲ್‌ಮಸ್ ಎಂಬ ಕ್ರೈಸ್ತ ಹಬ್ಬ ಕಳೆದ ಮೇಲೆ ಸೈತಾನ ಹಣ್ಣಿನ ಮೇಲೆ ಉಗುಳುತ್ತಾನೆ, ತಿನ್ನಬಾರದು ಅಂತ ಅಲ್ಲಿನ ಹಳೆಯ ನಂಬಿಕೆ. ಆ ಹೊತ್ತಿಗೆ ಚಳಿ, ತೇವ ಹೆಚ್ಚಿ ಹಣ್ಣಿಗೆ ಬೂಸ್ಟು ಬರುವುದಂತೂ ನಿಜ.