ಶೇ 63 ಎಂದರೆ ಯಾವುದರಲ್ಲಿ?

ನಮಸ್ಕಾರ. ‘ಹೆಂಗಸರಿಗೆ ಹಾಸ್ಯ ಒಲಿಯದು: ವಿಜ್ಞಾನದ ತೀರ್ಪು’ ಎಂಬ ನಿಮ್ಮ ಲೇಖನ ಓದಿದೆ. ಭಾಷೆ ಸಲೀಸಾಗಿದೆ, ಓದಿಸಿಕೊಂಡು ಹೋಗುತ್ತದೆ. ಆದರೆ ಎರಡು ವಾಕ್ಯಗಳು ನನಗೆ ಸಿಟ್ಟು ತರಿಸಿದವು. ಅವು ಇರುವ ತನಕ ಲೇಖನವನ್ನು ಅಚ್ಚಿಗೆ ಕಳಿಸಲಾರೆ.

“ಶೇ 63ರಷ್ಟು ಗಂಡಸರು ಹೆಂಗಸರಿಗಿಂತ ಹಾಸ್ಯವಂತರೆಂದು ಸಾಬೀತಾಗಿದೆ” ಎನ್ನುತ್ತೀರಿ. ನಾನು ಉಪಸಂಪಾದನೆ ಕಲಿಯುವಾಗ, ಶೇಕಡಾ ಕಂಡಲ್ಲೆಲ್ಲ ಹಿರಿಯರು ಕೆಂಪು ಶಾಯಿಯಲ್ಲಿ ‘ಯಾವುದರಲ್ಲಿ?’ ಎಂದು ಗೀಚುತ್ತಿದ್ದರು. ನಿಮ್ಮ ಪುಟದಲ್ಲಿ ನಾನೂ ಅದನ್ನೇ ಗೀಚಿದ್ದೇನೆ. 2020ರಲ್ಲಿ ಮನೋವಿಜ್ಞಾನಿ ಗ್ರೀನ್‌ಗ್ರಾಸ್ ಮತ್ತು ಸಂಗಡಿಗರು 28 ಅಧ್ಯಯನಗಳನ್ನು ಒಟ್ಟುಗೂಡಿಸಿ ಕಂಡದ್ದು ಇಷ್ಟು: ಹಾಸ್ಯದ ಪರೀಕ್ಷೆಯಲ್ಲಿ ಹೆಂಗಸರ ಸರಾಸರಿ ಅಂಕವನ್ನು ದಾಟಿದ ಗಂಡಸರು ಶೇ 63. ಎರಡೂ ಗುಂಪು ಸರಿಸಮ ಇದ್ದಿದ್ದರೂ ಈ ಸಂಖ್ಯೆ 50 ಇರುತ್ತಿತ್ತು. ಸರಾಸರಿಯಲ್ಲಿ ಸಣ್ಣ ಅಂತರವಿದೆ, ನಿಜ. ಆದರೆ ಎದುರಿಗಿರುವ ಯಾವ ಗಂಡಸು ಯಾವ ಹೆಂಗಸಿಗಿಂತ ಚತುರ ಎಂಬುದನ್ನು ಅದು ಹೇಳುವುದಿಲ್ಲ. ‘ಹಾಸ್ಯವಂತರು’ ಎಂಬ ಪದವೂ ಅತಿಯಾಯಿತು. ಇಂಥ ಪ್ರಯೋಗಗಳು ಹೆಚ್ಚಾಗಿ ಅಳೆಯುವುದು ಒಬ್ಬರೇ ಕೂತು ವ್ಯಂಗ್ಯಚಿತ್ರಕ್ಕೆ ಅಡಿಬರಹ ಬರೆಯುವ ಬಗೆಯ ಕೆಲಸವನ್ನು. ಗೆಳತಿಯರ ಹರಟೆಯಲ್ಲಿ, ಅಡುಗೆಮನೆಯ ಅಣಕದಲ್ಲಿ ಹುಟ್ಟುವ ಹಾಸ್ಯ ಆ ಅಂಕಕ್ಕೆ ಸಿಗುವುದಿಲ್ಲ.

ಎರಡನೆಯದು: “ಹೆಂಗಸರು ನಗುತ್ತಾರೆ, ಗಂಡಸರು ನಗಿಸುತ್ತಾರೆ, ಪ್ರೊವೈನ್ ಎಣಿಸಿ ತೋರಿಸಿದ್ದಾರೆ.” ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ಪ್ರೊವೈನ್ ಜನ ಸೇರುವ ಕಡೆಗಳಲ್ಲಿ 1,200 ನಗುಗಳನ್ನು ಗುರುತು ಹಾಕಿಕೊಂಡದ್ದು ಹೌದು. ಅದರಲ್ಲಿ ಹೆಂಗಸರ ನಗು ಹೆಚ್ಚಿದ್ದುದೂ ಹೌದು. ಆದರೆ ನಗುವಿಗೆ ಮುಂಚಿನ ಮಾತುಗಳಲ್ಲಿ ತಮಾಷೆ ಎನ್ನಬಹುದಾದವು ಶೇ 10ರಿಂದ 20 ಮಾತ್ರ; ಮಿಕ್ಕವು “ಆಮೇಲೆ ಸಿಗೋಣ” ಥರದವು. ಅಂದಮೇಲೆ ನಗು ಎಣಿಸಿದವರು ಹಾಸ್ಯವನ್ನು ಎಣಿಸಲಿಲ್ಲ. ನೀವು ಇವೆರಡನ್ನೂ ಒಂದೇ ಮಾಡಿಬಿಟ್ಟಿರಿ.

ಹೆಂಗಸರ ಹಾಸ್ಯದ ಬಗೆಗಿನ ಪಕ್ಷಪಾತಕ್ಕೆ ನೇರ ಪುರಾವೆ ಸಿಗುವ ಕಡೆ ಮಾತ್ರ ನೀವು ಹೋಗಲೇ ಇಲ್ಲ. 2012ರಲ್ಲಿ ಲಾರಾ ಮಿಕ್ಸ್ ಮತ್ತು ಸಂಗಡಿಗರು ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳಿಂದ ಅಡಿಬರಹ ಬರೆಸಿ, ಬರೆದವರು ಗಂಡೋ ಹೆಣ್ಣೋ ಎಂದು ತಿಳಿಸದೆ ಅಂಕ ಹಾಕಿಸಿದರು. ಗಂಡಸರಿಗೆ ಹೆಚ್ಚು ಬಂದದ್ದು 5ಕ್ಕೆ 0.11. ಮುಂದಿನ ಪ್ರಯೋಗದಲ್ಲಿ ಬರೆದವರು ಯಾರೆಂದು ಮೊದಲು ತಿಳಿಸಿ, ಆಮೇಲೆ ಯಾವ ಸಾಲು ಯಾರದೆಂದು ನೆನಪಿನಿಂದ ಹೇಳಿಸಿದರು. ಆಗ ತಪ್ಪು ಒಂದೇ ಕಡೆಗೆ ವಾಲಿತು: ಚೆನ್ನಾಗಿದ್ದ ಸಾಲು ಗಂಡಸರ ಖಾತೆಗೆ, ಸಪ್ಪೆ ಸಾಲು ಹೆಂಗಸರ ಖಾತೆಗೆ. ಲೇಖನವನ್ನು ಇಲ್ಲಿಂದ ಶುರು ಮಾಡಿ. ಪ್ರತಿ ಅಂಕಿಯ ಪಕ್ಕ ಏನನ್ನು ಅಳೆದರು, ಅಂಕ ಹಾಕಿದವರಿಗೆ ಬರೆದವರ ಗುರುತು ಗೊತ್ತಿತ್ತೇ ಎಂದು ಬರೆಯಿರಿ. ಶೀರ್ಷಿಕೆ ತೆಗೆದುಹಾಕಿ, ಮತ್ತೆ ಕಳಿಸಿ.