ಕಾರ್ಪೆಟ್ಟಿನ ಮುಗ್ಗಲು ವಾಸನೆ

ಪ್ರಶ್ನೆ: ನೀರು ಬಿದ್ದು ನೆನೆದ ನಮ್ಮ ಕಾರ್ಪೆಟ್ ಮೇಲ್ಭಾಗದಲ್ಲಿ ಒಣಗಿದ್ದರೂ ಮುಗ್ಗಲು ವಾಸನೆ ಹೋಗುತ್ತಿಲ್ಲ. ಏನು ಮಾಡಬೇಕು?

ಉತ್ತರ: ಮೇಲಿನ ನೂಲು ಒಣಗಿದ್ದರೂ ಅಡಿಯಲ್ಲಿ ತೇವ ಉಳಿದಿರುವ ಸಾಧ್ಯತೆಯೇ ಹೆಚ್ಚು. ಒಂದು ಮೂಲೆಯನ್ನು ಮಗುಚಿ, ಕೆಳಗಿನ ಮೆತ್ತೆಯನ್ನು ಬೆರಳಿನಿಂದ ಒತ್ತಿ ನೋಡಿ. ಅದು ತಣ್ಣಗೆ ತಾಗಿ ಬೆರಳು ಒದ್ದೆಯಾದರೆ ವಾಸನೆಯ ಮೂಲ ಅಲ್ಲಿಯೇ ಇದೆಯೆಂದು ತಿಳಿಯಿರಿ. ನೆನೆದ ವಸ್ತುವಿನಲ್ಲಿ 24ರಿಂದ 48 ಗಂಟೆಗಳೊಳಗೆ ಬೂಷ್ಟು ಬೆಳೆಯತೊಡಗುವುದರಿಂದ, ಸುಗಂಧ ಸಿಂಪಡಿಸಿ ವಾಸನೆಯನ್ನು ಮರೆಮಾಚುವ ಬದಲು, ಕಾರ್ಪೆಟ್ಟನ್ನು ಎತ್ತಿ ಎರಡೂ ಬದಿಗೆ ಫ್ಯಾನಿನ ಗಾಳಿ ತಾಗುವಂತೆ ಇರಿಸಿ ಪೂರ್ತಿ ಒಣಗಿಸುವುದು ಅತ್ಯಗತ್ಯ. ಬಳಿಕ ಅಡುಗೆ ಸೋಡಾ ಉದುರಿಸಿ, ರಾತ್ರಿಯಿಡೀ ಬಿಟ್ಟು, ವ್ಯಾಕ್ಯೂಮ್ ಕ್ಲೀನರಿನಿಂದ ತೆಗೆಯಿರಿ. ಮೆತ್ತೆಯಲ್ಲಿ ಬೂಷ್ಟಿನ ಕಪ್ಪು ಚುಕ್ಕೆಗಳು ಕಂಡರೆ, ಅದರಲ್ಲೂ ಮನೆಯಲ್ಲಿ ಉಬ್ಬಸವಿರುವವರಿದ್ದರೆ, ದಯವಿಟ್ಟು ಅದನ್ನು ಉಳಿಸಿಕೊಳ್ಳಬೇಡಿ.