ಹಾಸನದಲ್ಲಿ ಹಳೇ ಸೈಕಲ್ಲಿಗೆ 26 ಇಂಚಿನ ರಿಮ್ ಸಿಗ್ತಿಲ್ಲ, ಬೇರೆ ರಿಮ್ ಹಾಕಬಹುದಾ?

ಹಾಕಬಹುದು. ಆದರೆ ಟೈರೂ ಅದೇ ಅಳತೆಯದಾಗಬೇಕು, ರಿಮ್ಮಿನ ಕಡ್ಡಿ ತೂತುಗಳ ಲೆಕ್ಕ ಚಕ್ರದ ನಡುವಿನ ಹಬ್‌ಗೆ ತಾಳೆಯಾಗಬೇಕು.

ಅಂಗಡಿಗೆ ಹೋಗಿ ಸುಮ್ನೆ ‘26 ಇಂಚು’ ಅಂದರೆ ಸಾಲದು. 26 × 1⅜ ಟೈರ್ ಕೂರುವ ಜಾಗದಲ್ಲಿ ರಿಮ್ಮಿನ ಅಡ್ಡಳತೆ 590 ಮಿ.ಮೀ. 26 × 1.95ಕ್ಕೆ 559. ಇಬ್ಬರ ಹೆಸರೂ 26, ವ್ಯತ್ಯಾಸ ಮಾತ್ರ 31 ಮಿ.ಮೀ! ಟೈರಿನ ಅಂಚಿನೊಳಗೆ ಉಕ್ಕಿನ ತಂತಿ ಇರುತ್ತದೆ, ಅದು ಹಿಗ್ಗುವುದಿಲ್ಲ. ಅದಕ್ಕೇ ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. ಟೈರಿನ ಪಕ್ಕೆಯಲ್ಲಿ 37-590 (37 ಅಂದರೆ ಟೈರಿನ ಅಗಲ) ಅಂತ ಸಣ್ಣಗೆ ಅಚ್ಚಾಗಿರುತ್ತೆ. ಅದರ ಫೋಟೋ ತೆಗೆದುಕೊಂಡು ಹೋಗಿ. ಹಾಲಿನ ಕ್ಯಾನ್ ಹೊರುವ ನಮ್ಮ ದೊಡ್ಡ 28 ಇಂಚಿನ ಸೈಕಲ್ಲಿನದು 635.

590ರ ಬದಲು 559 ಹಾಕಿದರೆ ಬ್ರೇಕ್ ರಬ್ಬರ್ ರಿಮ್ಮಿಗಿಂತ ಸುಮಾರು 15 ಮಿ.ಮೀ. ಮೇಲೆ, ಟೈರಿನ ಮೇಲೇ ಉಜ್ಜುತ್ತದೆ. ಉದ್ದ ಕೈಯ ಬ್ರೇಕ್ ಬೇಕಾಗುತ್ತೆ.

ನನ್ನ ಕೇಳಿದರೆ, ಗುಜರಿ ಅಂಗಡಿಯಲ್ಲಿ ಅದೇ ಅಳತೆಯ ಇಡೀ ಚಕ್ರ ಹುಡುಕುವುದೇ ವಾಸಿ. ಸಕಲೇಶಪುರದ ಕಡೆಯದಾದರೆ ಮಳೆಗೆ ಒಳಗಿಂದ ತುಕ್ಕು ತಿಂದಿರುತ್ತೆ, ಟೈರ್ ಬಿಚ್ಚಿಸಿ ನೋಡಿ. ಟ್ಯೂಬ್ ಚಿಂತೆ ಬೇಡ, ಅದು ರಬ್ಬರ್ ಅಲ್ವಾ, ಹತ್ತಿರದ ಅಳತೆಯದು ನಡೆಯುತ್ತೆ. ರಿಮ್ ಮಾತ್ರ ಬದಲಿಸಿ ಕಡ್ಡಿ ಒಂದೆರಡು ಮಿ.ಮೀ. ಉದ್ದವಾದರೆ, ನಿಪ್ಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್ಟು) ದಾಟಿದ ತುದಿಯನ್ನು ಅರದಿಂದ ಉಜ್ಜಿಸಿ, ಮೇಲೆ ರಿಮ್ ಟೇಪ್ ಹಾಕಿಸಿ. ಇಲ್ಲದಿದ್ದರೆ ವಾರಕ್ಕೊಂದು ಪಂಕ್ಚರ್.